ಜಿಎ ಹೊಡೆದ ದ್ರಾಕ್ಷಿ ಮತ್ತು 21 ಅಕ್ಷರದ ಚೀಟಿ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ತಿಕೋಟಾ, ಜಮಖಂಡಿ ರಸ್ತೆ ಹಿಡಿದರೆ ಬಬಲೇಶ್ವರ. ಎರಡೂ ಕಡೆ ದ್ರಾಕ್ಷಿ ಪಡಗಳು, ಒಣದ್ರಾಕ್ಷಿ ಶೆಡ್ಡುಗಳು. ಅಲ್ಲಿನ ಬೆಳೆಗಾರರಿಗೆ 'ಜಿಎ' ಅಂದರೆ ಸಾಕು, ಗೊತ್ತಾಗುತ್ತೆ. ಗೊನೆ ಉದ್ದ ಬರಲಿ, ಕಾಯಿ ದಪ್ಪ ಆಗಲಿ ಅಂತ ಹೊಡೆಯುವ ಜಿಬ್ಬರೆಲಿಕ್ ಆಸಿಡ್.

ಇದರ ಮೂಲ ಭತ್ತದ ಗದ್ದೆಯಲ್ಲಿದೆ. ಸಸಿಗಳು ಸುಮ್ಮಸುಮ್ಮನೆ ಎತ್ತರ ಬೆಳೆದು ಬಿದ್ದುಹೋಗುವ ರೋಗಕ್ಕೆ ಜಪಾನಿನ ರೈತರು 'ಪೆದ್ದ ಸಸಿ' ಅನ್ನುತ್ತಿದ್ದರು. ಅದು ಒಂದು ಶಿಲೀಂಧ್ರದಿಂದ ಒಸರುವ ರಸದ ಕೆಲಸ ಅಂತ 1926ರಲ್ಲಿ ಕುರೋಸಾವಾ ತೋರಿಸಿದರು.

ಸರಿ, ಆ ರಸ ಗಿಡದೊಳಗೆ ಹೋಗಿ ಮಾಡುವುದೇನು? ಉತ್ತರದ ಒಂದು ತುಂಡು ಬಂದಿದ್ದು ಸಂಬಂಧವೇ ಇಲ್ಲದ ಜಾಗದಿಂದ. 1990ರಲ್ಲಿ ಅಮೆರಿಕದ ನಪೋಲಿ, ಜಾರ್ಗನ್‌ಸನ್ ತಂಡ ಪೆಟೂನಿಯಾ ಹೂವಿನ ನೇರಳೆ ಬಣ್ಣ ಇನ್ನೂ ಗಾಢವಾಗಲಿ ಅಂತ ಬಣ್ಣದ ಜೀನಿನ ಇನ್ನೊಂದು ಪ್ರತಿ ಸೇರಿಸಿತು. ಹೂವು ಬೆಳ್ಳಗಾಯ್ತು! ಹೊಸ ಜೀನೂ ಬಂದ್, ಹಳೆಯದೂ ಬಂದ್. ಇದೇನು ವಿಚಿತ್ರ ಅಂತ ಎಲ್ಲರೂ ತಲೆ ಕೆರೆದುಕೊಂಡರು.

1998ರಲ್ಲಿ ಫೈರ್ ಮತ್ತು ಮೆಲೋ ಒಂದು ಪುಟ್ಟ ಹುಳದಲ್ಲಿ ಇಂಥದ್ದೇ ಬಾಯಿಮುಚ್ಚಿಸುವ ಕೆಲಸ ಮಾಡುವುದು ಎರಡೆಳೆಯ ಆರ್‌ಎನ್‌ಎ ಅಂದರು. 1999ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಮತ್ತು ಬೌಲ್‌ಕೂಂ ಗಿಡಗಳಲ್ಲಿ ಸುಮಾರು 25 ಅಕ್ಷರದ ಆರ್‌ಎನ್‌ಎ ತುಣುಕುಗಳನ್ನು ಹಿಡಿದೇಬಿಟ್ಟರು. ಜೀನಿನಿಂದ ಪ್ರೊಟೀನಿಗೆ ಹೋಗುವ ಸಂದೇಶವನ್ನು ದಾರಿಯಲ್ಲೇ ಗುರುತಿಸಿ ಕತ್ತರಿಸಲು ಚೀಟಿ ಇದ್ದ ಹಾಗೆ ಇವು. ಪ್ರಿಂಟ್ ಕೊಟ್ಟ ಮೇಲೆ ಕ್ಯೂನಲ್ಲೇ ಕ್ಯಾನ್ಸಲ್ ಮಾಡುತ್ತೇವಲ್ಲ, ಹಾಗೆ :)

2006ರ ನೊಬೆಲ್ ಹುಳದವರಿಗೆ ಹೋಯಿತು. 2008ರಲ್ಲಿ ಲಾಸ್ಕರ್ ಪ್ರಶಸ್ತಿ ಅಂಬ್ರೋಸ್, ರವ್‌ಕುನ್, ಬೌಲ್‌ಕೂಂ ಮೂವರಿಗೂ ಬಂತು. ಆದರೆ 2024ರ ನೊಬೆಲ್ ಬಂದಾಗ ಮೊದಲ ಇಬ್ಬರೇ, ಅವರೂ ಹುಳದವರೇ. ಗಿಡದವರನ್ನು ಎರಡು ಸಲ ಹೊರಗೆ ನಿಲ್ಲಿಸಿದ್ದು ನನಗಂತೂ ಅನ್ಯಾಯ ಅನ್ನಿಸುತ್ತೆ. ಪೆಟೂನಿಯಾ ಮೊದಲೇ ಹೇಳಿತ್ತಲ್ರೀ!

ಇರಲಿ, ದ್ರಾಕ್ಷಿಗೆ ಬರೋಣ. ಗಿಡಗಳಲ್ಲಿರುವ ಇಂಥ ಚೀಟಿಗಳಲ್ಲಿ ಎಂಐಆರ್159 ಅನ್ನುವುದೊಂದು, 21 ಅಕ್ಷರದ್ದು. ಅದು ಕತ್ತರಿಸುವುದು 'ಜಿಎಮಿಬ್' ಎಂಬ ಜೀನಿನ ಸಂದೇಶವನ್ನು. ಹೆಸರಲ್ಲೇ ಜಿಎ ಇದೆ ನೋಡಿ. ಈ ಚೀಟಿಯ ಪ್ರಮಾಣಕ್ಕೂ ಜಿಬ್ಬರೆಲಿನ್‌ಗೂ ನಂಟಿದೆ ಅಂತ 2004ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ ಗೊತ್ತಾಯಿತು. ದ್ರಾಕ್ಷಿಯಲ್ಲಿ ಅದನ್ನು ಹುಡುಕಿದ 2018ರ ಪ್ರಬಂಧ ತೆರೆದು ಲೇಖಕರ ಪಟ್ಟಿ ನೋಡಿ ಖುಷಿಯಾಯಿತು: ಚೀನಾದ ಸಂಶೋಧಕರ ಜೊತೆ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸುದೀಶ ಜೋಗಯ್ಯ! ಜಿಎ ಕೊಟ್ಟು ಬೀಜವಿಲ್ಲದ ಹಣ್ಣು ಮಾಡಿಸುವಾಗ ಎಂಐಆರ್159 ಮತ್ತು ಜಿಎಮಿಬ್ ಹೇಗೆ ಏರಿಳಿಯುತ್ತವೆ ಅನ್ನುವುದೇ ಅದರ ವಿಷಯ.

ಹಾಗಂತ ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಬೀಜ ಇಲ್ಲದಿರುವುದು ಜಿಎಯಿಂದ ಅಂದುಕೊಳ್ಳಬೇಡಿ. ಅಲ್ಲಿ ಬೀಜ ಕಟ್ಟಲು ಶುರುವಾಗಿ ಅರ್ಧಕ್ಕೇ ಕಮರುತ್ತೆ. ಅದಕ್ಕೆ ಕಾರಣ ಎಜಿಎಲ್11 ಎಂಬ ಜೀನಿನಲ್ಲಿ ಬದಲಾದ ಒಂದೇ ಒಂದು ಅಕ್ಷರ ಅಂತ ಅದೇ 2018ರಲ್ಲಿ ಸ್ಪೇನಿನವರು ಪತ್ತೆ ಮಾಡಿದರು. ಥಾಮ್ಸನ್‌ಗೆ ಜಿಎ ಹೊಡೆಯುವುದು ಗಾತ್ರಕ್ಕೆ ಮಾತ್ರ.