ಸೈನಿಕನ ಹೊಟ್ಟೆಯಿಂದ ಬಂದ ಮದ್ದು

ಎರಡು ವರ್ಷದಿಂದ ನನಗೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು, ರಕ್ತಭೇದಿ. ಮೀಟಿಂಗ್ ಮಧ್ಯೆ ಯಾಕೆ ಎದ್ದು ಓಡ್ತೀನಿ ಅಂತ ಟೀಮಿನವರಿಗೆ ಹೇಳಿಕೊಳ್ಳುವ ಕಾಯಿಲೆಯೂ ಅಲ್ಲ ಬಿಡಿ. "ಮಜ್ಜಿಗೆ ಕುಡಿಯೋ, ಒಳ್ಳೆ ಬ್ಯಾಕ್ಟೀರಿಯಾ ಇರುತ್ತಂತೆ" ಅಂತಾಳೆ ಅಮ್ಮ. ಒಳ್ಳೆ ಬ್ಯಾಕ್ಟೀರಿಯಾ ನಿಜವಾಗ್ಲೂ ಈ ಕಾಯಿಲೆಗೆ ಮದ್ದಾಗುತ್ತಾ ಅಂತ ಹುಡುಕುವಾಗ ಸಿಕ್ಕಿದ್ದು ಈ ಕಥೆ.

ಮೊದಲ ಮಹಾಯುದ್ಧದ ಕಾಲ. ಬಾಲ್ಕನ್ ಕಡೆಯ ಯುದ್ಧಭೂಮಿಯಲ್ಲಿ ಸೈನಿಕರಿಗೆಲ್ಲ ಆಮಶಂಕೆ. ಒಬ್ಬನಿಗೆ ಮಾತ್ರ ಏನೂ ಆಗಲಿಲ್ಲ! ಜರ್ಮನಿಯ ಫ್ರೈಬುರ್ಗ್‌ನ ವೈದ್ಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಅವನ ಮಲದಿಂದ ಇ. ಕೋಲಿಯ ಒಂದು ತಳಿಯನ್ನು ಬೇರ್ಪಡಿಸಿ, ಮ್ಯೂಟಾಫ್ಲೋರ್ ಅನ್ನೋ ಹೆಸರಲ್ಲಿ ಕ್ಯಾಪ್ಸೂಲ್ ಮಾಡಿದರು. ಪೆನ್ಸಿಲಿನ್ ಪತ್ತೆಯಾಗಿದ್ದು 1928ರಲ್ಲಿ, ಅಂದರೆ ಇದಾಗಿ 11 ವರ್ಷದ ಮೇಲೆ.

2004ರಲ್ಲಿ 327 ಕೊಲೈಟಿಸ್ ರೋಗಿಗಳ ಮೇಲಿನ ಅಧ್ಯಯನ ಪ್ರಕಟವಾಯ್ತು. ಒಂದು ವರ್ಷದಲ್ಲಿ ಕಾಯಿಲೆ ಮರುಕಳಿಸಿದ್ದು, ನಿಸ್ಲೆ ತಳಿ ತಗೊಂಡವರಲ್ಲಿ ನೂರಕ್ಕೆ ಸುಮಾರು 36. ನಾನು ನುಂಗುವ ಮೆಸಲಜೀನ್ ತಗೊಂಡವರಲ್ಲಿ 34. ಹೆಚ್ಚುಕಮ್ಮಿ ಸಮ!

ಖುಷಿಯಾಯ್ತು. ಆದರೆ ಮುಂದೆ ಓದಿದರೆ... ಇದೇ ತಳಿ ಕೊಲಿಬ್ಯಾಕ್ಟಿನ್ ಅನ್ನೋ ವಿಷವನ್ನೂ ತಯಾರಿಸುತ್ತೆ. ಅದು ನಮ್ಮ ಜೀವಕೋಶಗಳ ಡಿಎನ್‌ಎಗೆ ಏಟು ಕೊಡುತ್ತೆ. ಕೊಲೈಟಿಸ್ ಹಳೆಯದಾದಷ್ಟೂ ಕರುಳಿನ ಕ್ಯಾನ್ಸರ್ ಭಯ ಮೊದಲೇ ಇದೆ. 2012ರಲ್ಲಿ ಇಲಿಗಳ ಮೇಲೆ ನೋಡಿದಾಗ, ವಿಷದ ಜೀನ್ ಕೆಡಿಸಿದರೆ ಮದ್ದಿನ ಗುಣವೂ ಹೋಯ್ತು. ನಮ್ಮ ಭಾಷೆಯಲ್ಲಿ, ಬಗ್ ತೆಗೆಯೋಕೆ ಹೋದರೆ ಫೀಚರ್ರೇ ಹೋಯ್ತು. ಎರಡನ್ನೂ ಬಿಡಿಸುವ ದಾರಿ ಪ್ರಯೋಗಾಲಯದಲ್ಲಿ ಕಂಡಿದ್ದು 2019ರಲ್ಲಿ.

ಒಳ್ಳೇದು, ಕೆಟ್ಟದ್ದು ಅಂತ ಹಣೆಪಟ್ಟಿ ಹಚ್ಚೋದು ನಾವು. ಬ್ಯಾಕ್ಟೀರಿಯಾ ಬದುಕ್ತಿದೆ, ಅಷ್ಟೇ.

ಅಮ್ಮನಿಗೆ ಇದನ್ನೆಲ್ಲ ಹೇಳಲಿಲ್ಲ. ಮಾತ್ರೆ ನುಂಗಿ, ಮಜ್ಜಿಗೆ ಕುಡಿದು ಸುಮ್ಮನಾದೆ.