ವಿದ್ಯುತ್ ಚಾಲಿತ ಮಡಚುವ ಹಿನ್ನೋಟ ಕನ್ನಡಿಗಳು: ಶಬ್ದ ಮತ್ತು ನಿಧಾನ ಚಲನೆಯ ನಿವಾರಣೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಮೂನೆ 25ರಲ್ಲಿ, 15 ವರ್ಷ ಪೂರೈಸಿದ ಕಾರಿನ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮಾಲೀಕರು, ವಾಹನವನ್ನು ತಪಾಸಣೆಗೆ ಹಾಜರುಪಡಿಸುವ ಮುನ್ನ ಬಾಗಿಲಿನ ಹಿನ್ನೋಟ ಕನ್ನಡಿಗಳನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಅರ್ಧ ತೆರೆದು ನಿಂತ ಕನ್ನಡಿಯಲ್ಲಿ ಪಕ್ಕದಿಂದ ಬರುವ ದ್ವಿಚಕ್ರ ವಾಹನ ಕಾಣಿಸದೆ ಹೋಗಬಹುದು.

ಎರಡೂ ಕನ್ನಡಿಗಳು ನಿಧಾನವಾಗಿದ್ದಲ್ಲಿ, ಎಂಜಿನ್ ಚಾಲನೆಯಲ್ಲಿಟ್ಟು ಮತ್ತೊಮ್ಮೆ ನೋಡುವುದು. ಆಗ ವೇಗ ಹೆಚ್ಚಿದರೆ ಬ್ಯಾಟರಿಯನ್ನು ಪರೀಕ್ಷಿಸಬೇಕು. ಒಂದೇ ಕನ್ನಡಿ ನಿಧಾನವಾಗಿದ್ದರೆ, ಅದರ ಕೀಲಿನಲ್ಲಿ ಧೂಳು ಸೇರಿರುವುದು ಅಥವಾ ಗ್ರೀಸ್ ಒಣಗಿರುವುದು ಸಾಮಾನ್ಯ ಕಾರಣ. ಕೀಲಿನ ಸಂದನ್ನು ನೀರಿನಿಂದ ತೊಳೆದು, ಒಣಗಿದ ನಂತರ ಸಿಲಿಕೋನ್ ಸ್ಪ್ರೇಯನ್ನು ಮಿತವಾಗಿ ಸಿಂಪಡಿಸಿ, ಸ್ವಿಚ್ಚಿನಿಂದ ಹಲವು ಬಾರಿ ಮಡಚಿ ತೆರೆಯುವುದು. ಎಂಜಿನ್ ಆಯಿಲ್ ಹಾಕುವುದು ಸರಿಯಲ್ಲ. ಅದಕ್ಕೆ ಧೂಳು ಅಂಟಿ ತೊಂದರೆ ಮರುಕಳಿಸುತ್ತದೆ.

ಕನ್ನಡಿಯನ್ನು ಕೈಯಿಂದ ಮಡಚಿದ ಬಳಿಕ ಟಕ್ ಟಕ್ ಶಬ್ದ ಬಂದರೆ ಆತಂಕಪಡಬೇಕಾಗಿಲ್ಲ. ಒಳಗಿನ ಜೋಡಣೆ ಸ್ಥಾನ ತಪ್ಪಿರುತ್ತದೆಯಷ್ಟೆ. ಸ್ವಿಚ್ಚಿನಿಂದ ಪೂರ್ಣವಾಗಿ ಮಡಚಿ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೋಟಾರು ತಿರುಗುವ ಶಬ್ದ ಕೇಳಿಬಂದೂ ಕನ್ನಡಿ ಅಲುಗದಿದ್ದಲ್ಲಿ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದಿರುವ ಅಥವಾ ಮುರಿದಿರುವ ಸಂಭವ ಹೆಚ್ಚು. ಕೆಲವು ಮಾದರಿಗಳಿಗೆ ಅದೊಂದೇ ಬಿಡಿಭಾಗ ದೊರೆಯುವುದರಿಂದ, ಇಡೀ ಕನ್ನಡಿ ಬದಲಿಸುವ ಮೊದಲು ವಿಚಾರಿಸಿಕೊಳ್ಳಬಹುದು. ದುರಸ್ತಿ ತಡವಾದಲ್ಲಿ, ಕನ್ನಡಿಯನ್ನು ಕೈಯಿಂದ ಪೂರ್ಣ ತೆರೆದು, ನೋಟ ಸರಿಯಿರುವುದನ್ನು ಖಚಿತಪಡಿಸಿಕೊಂಡ ನಂತರವೇ ವಾಹನ ಚಲಾಯಿಸತಕ್ಕದ್ದು.