ತುಂಗಭದ್ರಾತೀರದ ಮೈಲಾರವೂ ಅಲ್ಲಿಯ ಕಾರಣಿಕವೂ

ಹೂವಿನಹಡಗಲಿ ತಾಲ್ಲೂಕಿನ ಮೈಲಾರವು ವರ್ಷದ ಬಹುಭಾಗ ತುಂಗಭದ್ರೆಯ ದಡದ ಸಣ್ಣದೊಂದು ಊರು. ರಥಸಪ್ತಮಿಯು ಬಂದಿತೆಂದರೆ ಅದರ ರೂಪವೇ ಬೇರೆಯಾಗುವುದು. ಯಾತ್ರಾರ್ಥಿಗಳಾದ ಭಕ್ತಮಹಾಶಯರು ಮೈಲಾರಲಿಂಗನ ದರ್ಶನವಾದ ಮೇಲೆ ಆ ಹೊಳೆಯನ್ನೂ ಕ್ಷಣಕಾಲ ನಿಂತು ನೋಡತಕ್ಕದ್ದು. ಈ ಕ್ಷೇತ್ರದ ಚರಿತ್ರೆಯ ಅರ್ಧಭಾಗವು ಹೊಳೆಯಲ್ಲಿಯೇ ಇರುವುದು.

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕುಂಪಣಿಯವರಿಗೆ ಬಿಟ್ಟುಕೊಟ್ಟರು. 1818ರಲ್ಲಿ ಪೇಶ್ವೆಯರ ಆಳಿಕೆಯು ಅಳಿಯಲು, ಆಚೆಯ ದಡದ ಧಾರವಾಡ ಸೀಮೆಯು ಮುಂದೆ ಮುಂಬಯಿ ಇಲಾಖೆಗೆ ಸೇರಿತು. ಹೀಗೆ ಒಂದೇ ನುಡಿಯ, ಒಂದೇ ದೇವರ ಒಕ್ಕಲು ಮದರಾಸಿನವರೆಂದೂ ಮುಂಬಯಿಯವರೆಂದೂ ಇಬ್ಭಾಗವಾಯಿತು. ಬಳ್ಳಾರಿ ಸೀಮೆಯ ಈ ಭಾಗವು 1953ರಲ್ಲಿ ಮೈಸೂರನ್ನು ಸೇರಿ, ಮೂರು ವರ್ಷಗಳ ತರುವಾಯ ಧಾರವಾಡವೂ ಬಂದು ಕೂಡಿಕೊಂಡಿತು. 2021ರಲ್ಲಿ ವಿಜಯನಗರವೆಂಬ ಬೇರೆ ಜಿಲ್ಲೆಯೇ ಆಯಿತು. ಕಚೇರಿಯವರು ಗಡಿಯೆಂದು ಬರೆದುಕೊಂಡ ನೀರನ್ನು ಜಾತ್ರೆಯ ಜನರು ಮಾತ್ರ ದಾಟುತ್ತಲೇ ಬಂದರು.

ಭರತ ಹುಣ್ಣಿಮೆಯಿಂದ ಎಣಿಸಿ ಮೂರನೆಯ ದಿನ ಡೆಂಕನಮರಡಿಯಲ್ಲಿ ಕಾರಣಿಕವು ನಡೆಯುವುದು. ಕರಿಯ ಕಂಬಳಿ, ಡಮರುಗ, ಭಂಡಾರದ ಚೀಲಗಳ ಗೊರವರು ಎಲ್ಲ ಕಡೆಯಿಂದಲೂ ಕೂಡುವರು. “ಏಳುಕೋಟಿ” ಎಂಬ ಘೋಷದಿಂದ ಮರಡಿಯೇ ತುಂಬಿರಲು, ಉಪವಾಸವಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ “ಸದ್ದಲೇ” ಎನ್ನುವನು. ಲಕ್ಷಾಂತರ ಜನರು ಒಮ್ಮೆಗೇ ಮೌನವಾಗುವರು. ರಾಜಾಜ್ಞೆಗಾದರೂ ಇಂತಹ ಮೌನವು ದೊರಕುವುದು ದುರ್ಲಭ! ಬಳಿಕ ಒಂದೇ ಒಂದು ವಾಕ್ಯವನ್ನು ನುಡಿದು ಅವನು ಮೇಲಿನಿಂದ ಬೀಳುವನು. ಕೆಳಗಿದ್ದವರು ಅವನನ್ನು ಹಿಡಿದುಕೊಳ್ಳುವರು.

ಆ ವಾಕ್ಯವು ಒಗಟಿನಂತಿರುವುದು. ರೈತರು ಅದರಲ್ಲಿ ಮಳೆಬೆಳೆಯನ್ನೂ, ವರ್ತಕರು ಧಾರಣೆಯನ್ನೂ, ರಾಜಕಾರಣಿಗಳು ಪದವಿಯ ಏರಿಳಿತವನ್ನೂ ಕಾಣುವರು. ಕೊನೆಯವರ ಆತುರವು ತುಸು ಹೆಚ್ಚೆಂದೇ ಹೇಳಬೇಕು. ಭವಿಷ್ಯವು ನಿಜವಾಯಿತೇ ಎಂಬ ವಾದವು ಚರಿತ್ರಕಾರನ ಕೆಲಸವಲ್ಲ. ಒಕ್ಕಲು ಮಕ್ಕಳು ಆಯಾ ವರ್ಷ ಯಾವುದಕ್ಕೆ ಅಂಜಿದರು, ಯಾವುದನ್ನು ಬಯಸಿದರು ಎಂಬುದು ಅವರು ಮಾಡಿದ ಅರ್ಥದಿಂದ ತಿಳಿಯುವುದು. ದಾನದತ್ತಿಗಳನ್ನು ಹೇಳುವ ಶಿಲಾಶಾಸನಗಳಲ್ಲಿ ಈ ಸಂಗತಿಯು ವಿರಳ.

ನುಡಿಯೇನೋ ಈಗ ಮರುದಿನವೇ ಪತ್ರಿಕೆಗಳಲ್ಲಿ ಅಚ್ಚಾಗುವುದು. ಹಳ್ಳಿಯ ಕಟ್ಟೆಯ ಮೇಲೆ ಹಿರಿಯರು ಬಿಡಿಸಿದ ಅರ್ಥವು ಅವರೊಡನೆಯೇ ಹೋಗುವುದು. ಆದುದರಿಂದ ಅಲ್ಲಿಗೆ ಹೋಗುವ ನಮ್ಮ ಶಿಷ್ಯರು ಆ ನುಡಿಯನ್ನು ಸಂವತ್ಸರದ ಹೆಸರಿನೊಡನೆ ಬರೆದುಕೊಳ್ಳಲಿ. ಮಳೆಗಾಲವು ಕಳೆದ ಮೇಲೆ ಊರ ಹಿರಿಯರನ್ನು ಕೇಳಿ, ಅವರು ಹೇಳಿದುದನ್ನು ಹೇಳಿದಂತೆಯೇ ಅದರ ಕೆಳಗೆ ಬರೆಯಲಿ.